ಖಾಲಿ ಬಿಟ್ಟ ವಿಳಾಸ

ವಿಮಾನ ನಿಲ್ದಾಣ

ವೆಲ್ಲಿಂಗ್ಟನ್‌ಗೆ ಹೋಗಿ ಬಂದೆ ಎಂದರೆ ಬ್ರೂಕ್‌ಫೀಲ್ಡಿನ ನಮ್ಮ ಬೀದಿಯಲ್ಲಿ ಎಲ್ಲರೂ ಮೊದಲು ಕೇಳುವುದು, "ಮಗಳು ಅಲ್ಲಿದ್ದಾಳಾ?" ಎಂದು. ನನಗೆ ನ್ಯೂಜಿಲೆಂಡಿನಲ್ಲಿ ಮಗಳೂ ಇಲ್ಲ, ಮೊಮ್ಮಗುವೂ ಇಲ್ಲ, ಬಾಣಂತನಕ್ಕೆ ಹೋದವಳೂ ನಾನಲ್ಲ. ಸೇವಾ ಸಂಸ್ಥೆಗಳ ಲೆಕ್ಕಪತ್ರವನ್ನು ಸರ್ಕಾರ ತನ್ನ ಖರ್ಚಿನಲ್ಲಿ ಜನರ ಮುಂದಿಡುವುದು ಹೇಗೆ ಎಂದು ನೋಡಲು ಹೋಗಿದ್ದೆ. ಇಷ್ಟು ಹೇಳುವಷ್ಟರಲ್ಲಿ ಕೇಳಿದವರ ಮುಖ ಬಾಡುತ್ತದೆ. "ಓ, ಆಫೀಸ್ ಕೆಲ್ಸನಾ," ಎಂದು ಹಾಲಿನ ಪ್ಯಾಕೆಟ್ ಎತ್ತಿಕೊಂಡು ನಡೆಯುತ್ತಾರೆ.

ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತಳಾದ ಮೇಲೆ ನಾನು, ಇಬ್ಬರು ಗೆಳತಿಯರು ಸೇರಿ ಒಂದು ಸಣ್ಣ ಟ್ರಸ್ಟ್ ಮಾಡಿಕೊಂಡೆವು. ಗಂಡನ ಹೊಡೆತ ತಾಳದೆ ಊರು ಬಿಟ್ಟು ಬಂದು ಇಲ್ಲಿನ ಕಾರ್ಖಾನೆಗಳಲ್ಲಿ ಕೆಲಸ ಹಿಡಿದ ಹೆಂಗಸರಿಗೆ ಉಳಿದುಕೊಳ್ಳಲು ಒಂದು ಬಾಡಿಗೆ ಮನೆ ನಡೆಸುತ್ತೇವೆ. ಮನೆ ಎಲ್ಲಿದೆ ಎಂದು ಬರೆಯುವುದಿಲ್ಲ. ಹೂಡಿ, ಕಾಡುಗೋಡಿ, ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ಇವುಗಳಲ್ಲಿ ನಿಮಗೆ ಇಷ್ಟವಾದದ್ದನ್ನು ಇಟ್ಟುಕೊಳ್ಳಿ. ಅಲ್ಲಿದ್ದ ರೇಣುಕಾಳ ಹೆಸರು ಕೂಡ ರೇಣುಕಾ ಅಲ್ಲ.

ನಮ್ಮಲ್ಲೂ ಸೇವಾ ಸಂಸ್ಥೆಗಳ ವಿವರವನ್ನೆಲ್ಲ ಒಂದೇ ಜಾಲತಾಣದಲ್ಲಿ ಹಾಕುವ ಕೆಲಸಕ್ಕೆ ಸರ್ಕಾರ ಅನುದಾನ ಕೊಡುತ್ತದೆ ಎಂಬ ಮಾತು ನಡೆದಿತ್ತು. ಯಾರು ಕೊಟ್ಟರು, ಎಲ್ಲಿ ಖರ್ಚಾಯಿತು, ಯಾರು ಬೇಕಾದರೂ ನೋಡಬಹುದು. ಜೀವಮಾನವೆಲ್ಲ ವೋಚರುಗಳ ನಡುವೆ ಕಳೆದ ನನಗೆ ಇದು ಹಬ್ಬದೂಟ. ತೊಡಕು ಒಂದೇ. ನಮಗೆ ತೋರಿಸಿದ ಮಾದರಿ ಪುಟದಲ್ಲಿ ಪ್ರತಿ ಸಂಸ್ಥೆಯ ಪ್ರತಿ ಮನೆಯೂ ನಕಾಶೆಯ ಮೇಲೆ ಕೆಂಪು ಚುಕ್ಕೆಯಾಗಿ ಮಿನುಗುತ್ತಿತ್ತು.

ರೇಣುಕಾಳ ಗಂಡ ಮದುವೆಯ ಫೋಟೋ ಹಿಡಿದುಕೊಂಡು ಕಾರ್ಖಾನೆಗಳ ಗೇಟಿನಲ್ಲಿ ವಿಚಾರಿಸುತ್ತಿದ್ದಾನೆ ಎಂದು ಅವಳ ಊರಿನ ಕಡೆಯ ಹುಡುಗಿಯೊಬ್ಬಳು ಸುದ್ದಿ ತಂದಿದ್ದಳು. ಹಿಂದೊಮ್ಮೆ ಅವಳು ಓಡಿಹೋದಾಗ ಅವನು ಹುಡುಕಿ ಹಿಡಿದು ಎಡಗೈ ಮುರಿದಿದ್ದ. ಆ ಕೈ ಈಗಲೂ ಪೂರ್ತಿ ಮಡಚುವುದಿಲ್ಲ. ಹಾಗಾಗಿ ಇಂಥ ಜಾಲತಾಣಗಳ ಬಗ್ಗೆ ನ್ಯೂಜಿಲೆಂಡಿನಲ್ಲಿ ನಡೆಯುವ ಸಭೆಯೊಂದರಲ್ಲಿ ಸಣ್ಣ ಸಂಸ್ಥೆಯವರೂ ಮಾತಾಡಲಿ ಎಂದು ಅಲ್ಲಿಯವರು ಟಿಕೆಟ್ ಕಳಿಸಿದಾಗ ನಾನು ಒಪ್ಪಿಕೊಂಡೆ. ಲೆಕ್ಕ ಬಯಲಿಗಿಡಿ, ವಿಳಾಸ ಬೇಡ ಎಂದು ಹೇಳುವುದು ನನ್ನ ಕೆಲಸ.

ಹೊರಡುವ ದಿನ ರೇಣುಕಾ ಸ್ಟೀಲ್ ಡಬ್ಬಿಯ ತುಂಬ ಶೇಂಗಾ ಹಿಂಡಿ ಕುಟ್ಟಿ ಕೊಟ್ಟಳು. "ಅಲ್ಲಿ ಬರೇ ಬ್ರೆಡ್ ತಿಂತಾರಂತಲ್ರಿ. ಇದನ್ನ ಹಚ್ಕೊಂಡ್ ತಿನ್ರಿ ಅಕ್ಕ," ಎಂದಳು. ಬಾಗಿಲವರೆಗೆ ಬಂದು, "ನಮ್ಮ ಮನಿ ಅಡ್ರೆಸ್ ಮಾತ್ರ ಎಲ್ಲೂ ಬರಬಾರ್ದ್ ನೋಡ್ರಿ. ಅಷ್ಟು ಹೇಳಿ ಬರ್ರಿ," ಎಂದಳು. ಅದಕ್ಕೇ ಹೋಗುತ್ತಿರುವುದು ಎಂದೆ.

ಆ ಡಬ್ಬಿ ಅಲ್ಲಿನ ವಿಮಾನ ನಿಲ್ದಾಣದಲ್ಲಿ ನನ್ನ ಮಾನ ಕಳೆಯುವುದರಲ್ಲಿತ್ತು. ತಿನ್ನುವ ಪದಾರ್ಥ ಏನಿದ್ದರೂ ಅಲ್ಲಿ ನಾವೇ ಮೊದಲು ಹೇಳಬೇಕು. ಹೇಳಿದರೆ ನೋಡಿ ಬಿಡುತ್ತಾರೆ, ಮುಚ್ಚಿಟ್ಟರೆ ದಂಡ. ನಾನು ಹೇಳಿದೆ. ಕೈಗವಸಿನ ಅಧಿಕಾರಿಣಿ ಡಬ್ಬಿ ತೆರೆದು, ಮೂಗು ಹತ್ತಿರ ಒಯ್ದು, ಒಂದರ ಹಿಂದೊಂದು ಸೀನಿದಳು. ಈ ಬೀಜ ಮೊಳೆಯುತ್ತದೆಯೇ ಎಂದು ಕೇಳಿದಳು. ಹುರಿದು, ಖಾರ ಹಾಕಿ, ಒರಳಿನಲ್ಲಿ ಕುಟ್ಟಿದ್ದು ತಾಯಿ, ಇನ್ನು ಯಾವ ಜನ್ಮಕ್ಕೂ ಮೊಳೆಯುವುದಿಲ್ಲ ಎಂದೆ. ಕಣ್ಣೊರೆಸಿಕೊಂಡು ನಕ್ಕು ಬಿಟ್ಟಳು. ಹೇಳಿಬಿಟ್ಟರೆ ಇಷ್ಟು ಸುಲಭವೇ ಎನಿಸಿತು.

ಬಸ್ಸಿನಲ್ಲಿ

ವೆಲ್ಲಿಂಗ್ಟನ್ನಿನಲ್ಲಿ ಗಾಳಿ ಬೀಸುವುದಿಲ್ಲ, ದೂಡುತ್ತದೆ. ಮೊದಲ ದಿನವೇ ನನ್ನ ಕೊಡೆ ತಿರುವುಮುರುವಾಗಿ ಕಡ್ಡಿ ಕಿತ್ತುಕೊಂಡಿತು. ಹಾಕಲೆಂದು ಕಸದ ಬುಟ್ಟಿಗೆ ಹೋದರೆ ಅದರಲ್ಲಿ ಆಗಲೇ ಮೂರು ನಾಲ್ಕು ಕೊಡೆಗಳು ಕಾಲು ಮೇಲೆ ಮಾಡಿ ಬಿದ್ದಿದ್ದವು. ಊರಿನವರು ಯಾರೂ ಕೊಡೆ ಹಿಡಿಯುವುದಿಲ್ಲ, ಹೊಸಬರು ಮಾತ್ರ ಹಿಡಿಯುತ್ತಾರೆ ಎಂದು ಆಮೇಲೆ ತಿಳಿಯಿತು.

ಅಲ್ಲಿನ ಬಸ್ಸಿನಲ್ಲಿ ಇಳಿಯುವಾಗ ಪ್ರತಿಯೊಬ್ಬರೂ ಚಾಲಕನಿಗೆ ಥ್ಯಾಂಕ್ಸ್ ಹೇಳುತ್ತಾರೆ. ಹಿಂದಿನ ಬಾಗಿಲಿನಿಂದ ಇಳಿಯುವವರೂ ಅಲ್ಲಿಂದಲೇ ಕೂಗಿ ಹೇಳುತ್ತಾರೆ. ನನಗೂ ಹೇಳಬೇಕೆನಿಸಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ವೈಟ್‌ಫೀಲ್ಡ್ ಬಸ್ಸಿನಲ್ಲಿ ಇಳಿಯುವಾಗ ನಾನು ಇಷ್ಟು ವರ್ಷ ಹೇಳಿರುವುದು "ರೀ, ಇಳೀಬೇಕು, ಸ್ವಲ್ಪ ಜರುಗಿ" ಎಂದಷ್ಟೇ. ನಾಲಿಗೆಗೆ ಹೊಸ ಅಭ್ಯಾಸ ಬೇಗ ಬರುವುದಿಲ್ಲ.

ಇನ್ನೊಂದು ವಿಷಯ ನನಗೆ ಕೊನೆಯವರೆಗೂ ಅರಗಲಿಲ್ಲ. ಆ ಚಳಿಯಲ್ಲಿ, ಒಳ್ಳೆ ಮನೆಯವರಂತೆ ಕಾಣುವ ಜನ, ಬರಿಗಾಲಿನಲ್ಲಿ ಸೂಪರ್‌ಮಾರ್ಕೆಟ್ಟಿಗೆ ಬರುತ್ತಾರೆ. ನಮ್ಮಲ್ಲಿ ದೇವರ ಮುಂದೆ ಬಿಡುವ ಚಪ್ಪಲಿಯನ್ನು ಅವರು ಹಾಲು ಮೊಸರಿನ ಮುಂದೆ ಬಿಡುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ, ನನ್ನ ಹೊರತು.

ಹಳೆ ಬಟ್ಟೆ ಅಂಗಡಿ

ನಾನು ಒಯ್ದ ಸ್ವೆಟರ್ ಬೆಂಗಳೂರಿನ ಡಿಸೆಂಬರಿಗೆ ಹೆಣೆದದ್ದು. ಆ ಗಾಳಿಯ ಮುಂದೆ ಅದು ಸೊಳ್ಳೆ ಪರದೆ. ಒಂದು ದಪ್ಪ ಕೋಟು ಕೊಳ್ಳಲು ಬೀದಿಯ ಮೂಲೆಯ ಹಳೆ ಬಟ್ಟೆಯ ಅಂಗಡಿಗೆ ಹೋದೆ. ಜನ ಬೇಡದ್ದನ್ನು ಕೊಟ್ಟು ಹೋಗುತ್ತಾರೆ, ಮಾರಿದ ಹಣ ಯಾವುದೋ ಸೇವಾ ಸಂಸ್ಥೆಗೆ ಹೋಗುತ್ತದೆ. ಗಲ್ಲಾದಲ್ಲಿ ಬೆಳ್ಳಿಕೂದಲಿನ ಅಜ್ಜಿಯೊಬ್ಬಳು ಸಂಬಳವಿಲ್ಲದೆ ಕೂತಿದ್ದಳು.

ನನ್ನ ಮುಂದೆ ಚಡ್ಡಿ ತೊಟ್ಟ ಒಬ್ಬ ಗಂಡಸು ಹಳೆ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದ. ನಿಂತಲ್ಲೇ ಫೋನಿನಲ್ಲಿ ಏನೋ ಓದಿ, "ಹೋದ ವರ್ಷ ನಿಮ್ಮ ಬಾಡಿಗೆ ಬಹಳ ಆಯಿತಲ್ಲ," ಎಂದ. ಅಜ್ಜಿ, "ಕಟ್ಟಡದ ಮಾಲೀಕ ಬದಲಾದ," ಎಂದಳು. ಅವನು ತಲೆಯಾಡಿಸಿ ಇಸ್ತ್ರಿಪೆಟ್ಟಿಗೆ ಕೊಂಡು ಹೋದ. ಇಬ್ಬರ ಮುಖದಲ್ಲೂ ಏನೂ ಇಲ್ಲ. ಗೋಡೆಯ ಮೇಲೆ ಆ ಸಂಸ್ಥೆಯ ನೋಂದಣಿ ಸಂಖ್ಯೆ ಅಂಟಿಸಿತ್ತು. ಅದನ್ನು ಫೋನಿನಲ್ಲಿ ಒತ್ತಿದರೆ ಸರ್ಕಾರದ ಜಾಲತಾಣದಲ್ಲಿ ಅದರ ಲೆಕ್ಕವೆಲ್ಲ ಬರುತ್ತದೆ ಎಂದು ಅಜ್ಜಿ ನನಗೂ ತೋರಿಸಿದಳು.

ನಮ್ಮಲ್ಲಿ ಈ ಪ್ರಶ್ನೆ ಕೇಳಿ ನೋಡಿ. ಗಣೇಶನ ಚಂದಾ ಕೇಳಲು ಬಂದವರಿಗೇ ಆಗಲಿ, ದೊಡ್ಡ ಆಶ್ರಮದವರಿಗೇ ಆಗಲಿ, ಹೋದ ವರ್ಷದ ಲೆಕ್ಕ ಏನಾಯಿತು ಎಂದರೆ, "ಏನ್ ಮೇಡಂ, ನಮ್ ಮೇಲೆ ಅನುಮಾನಾನಾ?" ಎಂದು ಎದೆ ಮುಟ್ಟಿಕೊಳ್ಳುತ್ತಾರೆ. ಕೇಳಿದವರೇ ಕೆಟ್ಟವರಾಗುತ್ತಾರೆ. ನಮ್ಮ ಟ್ರಸ್ಟಿನಲ್ಲಿಯೂ ನನ್ನ ಗೆಳತಿಯರು ಹಾಗೆ ಮುನಿಸಿಕೊಂಡದ್ದುಂಟು. ಆ ಅಂಗಡಿಯಲ್ಲಿ ನಾನು ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಂತೆ, ಕೋಟಿನ ತೋಳು ಉದ್ದವಿದ್ದರೂ ಕೊಂಡೆ.

ಜೂಡಿತ್ ಕೂರುವ ಜಾಗ

ಆ ಜಾಲತಾಣ ನಡೆಸುವ ಸರ್ಕಾರಿ ಕಚೇರಿಯಲ್ಲಿ ನನ್ನನ್ನು ನೋಡಿಕೊಂಡವಳು ಜೂಡಿತ್, ನನ್ನ ವಯಸ್ಸಿನವಳೇ. ಮಧ್ಯಾಹ್ನದ ಊಟಕ್ಕೆ ಪೆಟ್ಟಿಗೆಯಿಂದ ಎರಡು ಕ್ಯಾರೆಟ್ ತೆಗೆದು ಹಸಿಯಾಗಿ ಕಚ್ಚಿ ತಿಂದಳು. ಶೇಂಗಾ ಹಿಂಡಿ ಕೊಟ್ಟೆ. ಕ್ಯಾರೆಟ್ಟನ್ನು ಅದರಲ್ಲಿ ಅದ್ದಿ ಮುಗಿಸಿ, ಡಬ್ಬಿಯತ್ತ ಇನ್ನೊಮ್ಮೆ ನೋಡಿದಳು.

ಅವಳು ಒಂದು ಪುಟ ತೆರೆದು ತೋರಿಸಿದಳು. ಹೆಂಗಸರ ಆಶ್ರಯ ಮನೆಯೊಂದರದು. ಸರ್ಕಾರ ಎಷ್ಟು ಕೊಟ್ಟಿತು, ಜನ ಎಷ್ಟು ಕೊಟ್ಟರು, ಸಂಬಳಕ್ಕೆಷ್ಟು, ಸೋಪಿಗೆಷ್ಟು, ಎಲ್ಲ ಇತ್ತು. ವಿಳಾಸದ ಜಾಗ ಮಾತ್ರ ಖಾಲಿ. ಆ ಖಾಲಿಯ ಕೆಳಗೆ ಒಂದು ಸಾಲು: ಇಲ್ಲಿ ಇರುವವರ ಸುರಕ್ಷತೆಗಾಗಿ ತಡೆಹಿಡಿಯಲಾಗಿದೆ.

"ಖಾಲಿ ಬಿಡಬಹುದು. ಯಾಕೆ ಖಾಲಿ ಎಂದು ಹೇಳದೆ ಬಿಡುವಂತಿಲ್ಲ," ಎಂದಳು ಜೂಡಿತ್.

ಖಾಲಿ ಬಿಡಿ ಎಂದು ಕೇಳಿ ಬರುವ ಅರ್ಜಿಗಳನ್ನು ಓದುವುದೇ ಅವಳ ಉದ್ಯೋಗ. ಸುಮ್ಮನೆ ಮುಚ್ಚಿಡಲು ಕೇಳುವವರೂ ಇರುತ್ತಾರೆ, ಅವರಿಗೆ ಇಲ್ಲ ಎನ್ನುತ್ತಾಳೆ. ನಿಜವಾಗಿ ಬೇಕಾದವರಿಗೆ ಹೂಂ ಎನ್ನುವ ಮೊದಲು ಆ ಸಂಸ್ಥೆಯ ಹೆಸರನ್ನು ತಾನೇ ಜಾಲದಲ್ಲಿ ಹುಡುಕುತ್ತಾಳೆ. ಕೆಟ್ಟ ಗಂಡನೊಬ್ಬ ಹೇಗೆ ಹುಡುಕಬಹುದೋ ಹಾಗೆ ಹುಡುಕುತ್ತೇನೆ, ಬೇರೆಲ್ಲಾದರೂ ವಿಳಾಸ ಸಿಕ್ಕರೆ ಮೊದಲು ಅದನ್ನು ತೆಗೆಸಿ ಎಂದು ಫೋನ್ ಮಾಡುತ್ತೇನೆ ಎಂದಳು.

ಇಷ್ಟಕ್ಕೆಲ್ಲ ಸರ್ಕಾರ ಹಣ ಕೊಡುತ್ತದೆಯೇ ಎಂದು ಕೇಳಿದೆ. "ಕಂಪ್ಯೂಟರಿಗೆ ಅಷ್ಟೇನೂ ಆಗುವುದಿಲ್ಲ. ಖರ್ಚು ಎಂದರೆ ನಾನು," ಎಂದು ನಕ್ಕಳು. ಬಜೆಟ್ಟಿನ ಹೊತ್ತಿಗೆ, ಓದುವುದಕ್ಕೆ ಮನುಷ್ಯರು ಯಾಕೆ ಬೇಕು ಎಂದು ಯಾರಾದರೂ ಕೇಳಿಯೇ ಕೇಳುತ್ತಾರಂತೆ. ನನಗೆ ಅವಳು ಬಹಳ ಹಿಡಿಸಿದಳು.

ಸಭಾಂಗಣ

ಮರುದಿನ ನನ್ನ ಸರದಿ. ಉದ್ದ ತೋಳಿನ ಕೋಟು ಬಿಚ್ಚಿಟ್ಟು, ಇಳಕಲ್ ಸೀರೆಯಲ್ಲಿ ವೇದಿಕೆ ಹತ್ತಿದೆ. ಪರದೆಯ ಮೇಲಿನ ಮೊದಲ ಚಿತ್ರ ಕಾಡುಗೋಡಿ ಮೆಟ್ರೋ ಇಳಿದು ಬರುವ ಜನಸಂದಣಿ. ಎರಡನೆಯದು ದೊಡ್ಡ ಅಕ್ಷರದ ಒಂದೇ ಸಾಲು: ನಮ್ಮ ವಿಳಾಸ ಯಾರಿಗೂ ತಿಳಿಯಬಾರದು. ಸಭೆ ಗಂಭೀರವಾಯಿತು. ರೇಣುಕಾಳ ಕೈಯ ಕಥೆಯನ್ನು ಹೆಸರಿಲ್ಲದೆ ಹೇಳಿದೆ. ಚೆನ್ನಾಗಿ ಮಾತಾಡುತ್ತಿದ್ದೇನೆ ಎಂದು ನನಗೇ ಅನಿಸುತ್ತಿತ್ತು.

ಮೂರನೆಯ ಚಿತ್ರಕ್ಕೆ ಬಂದೆ. ಒಂದು ಕಂಪನಿ ನಮ್ಮ ಮನೆಗೆ ಹೊಲಿಗೆ ಯಂತ್ರಗಳನ್ನು ಕೊಟ್ಟ ದಿನದ ಫೋಟೋ. ಹೆಂಗಸರು ಯಂತ್ರಗಳ ಹಿಂದೆ ಸಾಲಾಗಿ ನಿಂತಿದ್ದಾರೆ, ಒಬ್ಬೊಬ್ಬರ ಮುಖದ ಮೇಲೂ ನಗುವ ಹಳದಿ ಗೊಂಬೆ. ಹೀಗೆ ಮುಖ ಮುಚ್ಚಿಯೇ ಎಲ್ಲ ಕಡೆ ಕೊಡುತ್ತೇವೆ ಎಂದು ವಿವರಿಸುತ್ತಿದ್ದೆ. ಜೂಡಿತ್ ಮೊದಲ ಸಾಲಿನಿಂದ ಎದ್ದಳು. ನಡುವೆಯೇ ನಡೆದು ಬಂದು ಪ್ರೊಜೆಕ್ಟರಿನ ಬೆಳಕಿಗೆ ಅಡ್ಡವಾಗಿ ನಿಂತಳು. ಪರದೆಯ ಮೇಲೆ ಅವಳ ನೆರಳು ಬಿದ್ದು ಫೋಟೋದ ಅರ್ಧ ಮುಚ್ಚಿಹೋಯಿತು.

"ದಯವಿಟ್ಟು ಆರಿಸಿ," ಎಂದಳು. ಎಂಥ ಒರಟು ಹೆಂಗಸು ಎಂದುಕೊಂಡೆ, ಸಿಟ್ಟೂ ಬಂತು. ಅವಳು ಅಲುಗಲಿಲ್ಲ. ಆರಿಸಿದ ಮೇಲೆ ಹತ್ತಿರ ಬಂದು ನನ್ನ ಲ್ಯಾಪ್‌ಟಾಪಿನ ಕೆಳಗಿನ ಅಂಚನ್ನು ಬೆರಳಿನಿಂದ ತೋರಿಸಿದಳು.

ಫೋಟೋದ ಕೆಳಗೆ ಒಂದು ಕಪ್ಪು ಪಟ್ಟಿ ಇತ್ತು. ಅದರಲ್ಲಿ ಪುಟ್ಟ ನಕಾಶೆ, ಅಕ್ಷಾಂಶ, ರೇಖಾಂಶ, ಮನೆ ಸಂಖ್ಯೆ, ಅಡ್ಡರಸ್ತೆ, ಪಿನ್ ಕೋಡ್.

ನಮ್ಮೂರಿನಲ್ಲಿ ಈ ಪಟ್ಟಿ ಇಲ್ಲದ ಫೋಟೋ ಫೋಟೋವೇ ಅಲ್ಲ. ನೆಟ್ಟ ಸಸಿ, ಕಟ್ಟಿದ ಶೌಚಾಲಯ, ಹಂಚಿದ ಕಂಬಳಿ, ಯಾವುದಕ್ಕೇ ಆಗಲಿ ಸ್ಥಳ ಸಮೇತ ಫೋಟೋ ಕೊಡಿ ಎನ್ನುತ್ತಾರೆ ಹಣ ಕೊಟ್ಟವರು. ಸುಳ್ಳು ಫೋಟೋ ಕೊಟ್ಟು ಮೋಸ ಮಾಡಬಾರದಲ್ಲ, ಅದಕ್ಕೆ. ಫೋನಿನ ಆ್ಯಪ್ ತಾನೇ ಮುದ್ರೆ ಒತ್ತುತ್ತದೆ. ನೋಡಿ ನೋಡಿ ಆ ಪಟ್ಟಿ ನಮ್ಮ ಕಣ್ಣಿಗೆ ಕಾಣುವುದೇ ನಿಂತಿತ್ತು. ಗೊಂಬೆಗಳನ್ನು ಅಂಟಿಸುವಾಗಲೂ ಕಾಣಲಿಲ್ಲ. ಅದೇ ಫೋಟೋ ಕಂಪನಿಯ ಜಾಲಪುಟದಲ್ಲಿ ತಿಂಗಳುಗಳಿಂದ ನಮ್ಮ ಟ್ರಸ್ಟಿನ ಹೆಸರಿನೊಂದಿಗೆ ಕೂತಿತ್ತು. ಬೇಡ ಎನ್ನಲು ನಾನು ಸಮುದ್ರ ದಾಟಿ ಬಂದ ಆ ಕೆಂಪು ಚುಕ್ಕೆಯನ್ನು ನಾವೇ ಇಟ್ಟಾಗಿತ್ತು.

ಬಂದರಿನ ಕಟ್ಟೆ

ಹೊರಗೆ ಬಂದು ಬಂದರಿನ ಕಟ್ಟೆಯ ಮೇಲೆ ಕೂತೆ. ನನಗೆ ಭಯವಾಗಿತ್ತು. ಅಲ್ಲಿ ಮಧ್ಯಾಹ್ನ, ನಮ್ಮಲ್ಲಿ ಬೆಳಗಿನ ತಿಂಡಿಯ ಹೊತ್ತು. ಮನೆಯ ಮೇಲ್ವಿಚಾರಣೆ ನೋಡಿಕೊಳ್ಳುವ ಸರೋಜಮ್ಮನಿಗೆ ಫೋನ್ ಮಾಡಿ ಫೋಟೋದ ವಿಷಯ ಹೇಳಿದೆ.

"ಮುಖಕ್ಕೆಲ್ಲಾ ಗೊಂಬೆ ಅಂಟ್ಸಿದ್ವಲ್ಲಾ ಮೇಡಂ," ಎಂದಳು.

"ಮುಖ ಬಿಡಿ. ಆ ಫೋಟೋ ಓಪನ್ ಮಾಡಿ, ಕೆಳಗೆ ನೋಡಿ."

ಕುಕ್ಕರಿನ ಸದ್ದಿನ ನಡುವೆ ಅವಳು ಫೋಟೋ ಹುಡುಕಿದಳು. "ಅಯ್ಯೋ ಮೇಡಂ. ಪಿನ್ ಕೋಡ್ ಸಮೇತ ಇದೆ ಕಣ್ರೀ."

ಕಂಪನಿಯ ಸೇವಾ ವಿಭಾಗದ ಯುವಕನಿಗೂ ಮಾಡಿದೆ. ಪಾಪ, ಒಳ್ಳೆಯವನೇ. "ರಿಪೋರ್ಟ್ ಸಬ್ಮಿಟ್ ಆಗ್ಬಿಟ್ಟಿದೆ ಮೇಡಂ. ಈಗ ತೆಗೆದ್ರೆ ಆಡಿಟರ್ ಕ್ವೆಶ್ಚನ್ ಮಾಡ್ತಾರೆ. ಟ್ರಾನ್ಸ್‌ಪರೆನ್ಸಿ ಇಶ್ಯೂ ಆಗತ್ತೆ," ಎಂದ. ಒಬ್ಬಳ ಜೀವದ ವಿಷಯ ಎಂದೆ. ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದ. ಕೇಳಿ, ತೆಗೆಸಿದ, ಕೆಲವು ದಿನಗಳಾದ ಮೇಲೆ.

ಕೊನೆಗೆ ರೇಣುಕಾಳಿಗೆ ಫೋನ್ ಕೊಡಿ ಎಂದೆ. ಸುತ್ತಿ ಬಳಸದೆ ಹೇಳಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ಅಂದ್ರ ಅಂವ ನೋಡಿರಬೌದು ಅನ್ರಿ."

"ನೋಡಿಲ್ದೇನೂ ಇರಬಹುದು ಕಣಮ್ಮ. ಬೇರೆ ಮನೆ ನೋಡ್ತಿದ್ದೀವಿ, ಎಲ್ಲರನ್ನೂ ಶಿಫ್ಟ್ ಮಾಡ್ತೀವಿ."

"ಹೂನ್ರಿ," ಎಂದಳು. ಆಮೇಲೆ ನಿಧಾನವಾಗಿ, "ನೀವು ಅದನ್ನ ಹೇಳಾಕ ಅಷ್ಟು ದೂರ ಹೋಗಿದ್ರಿ ಅಲ್ರಿ ಅಕ್ಕ," ಎಂದಳು. ಅದರಲ್ಲಿ ಚುಚ್ಚುವ ದನಿ ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಜೂಡಿತ್ ಬಂದು ಪಕ್ಕದಲ್ಲಿ ಕೂತಳು. ಗಾಳಿಗೆ ನನ್ನ ಸೆರಗು ಅವಳ ಮುಖಕ್ಕೆ ಬಡಿಯುತ್ತಿತ್ತು. ಅವಳು ಅದನ್ನು ಹಿಡಿದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ಮನೆ

ನಾನು ಹಿಂದಿರುಗುವ ಹೊತ್ತಿಗೆ ಸರೋಜಮ್ಮ ಎಲ್ಲರನ್ನೂ ಹೊಸ ಮನೆಗೆ ಸಾಗಿಸಿದ್ದಳು. ರೇಣುಕಾ ಅವರ ಜೊತೆ ಹೋಗಿರಲಿಲ್ಲ.

"ಗಾಡಿ ಬರೋ ಮುಂಚೇನೇ ಹೊರಟೋದ್ಲು ಮೇಡಂ. ಎಲ್ಲಿಗೆ ಅಂದೆ. ನಿಮಗ ಹೇಳಿದ್ರ ನೀವು ಬರ್ಕೋತೀರಿ ಅಂದ್ಲು," ಎಂದಳು ಸರೋಜಮ್ಮ. ಕಾರ್ಖಾನೆಯಲ್ಲೂ ಕೆಲಸ ಬಿಟ್ಟಿದ್ದಳು. ಫೋನ್ ಸ್ವಿಚ್ ಆಫ್. ಅವಳ ಗಂಡ ಆ ಹಳೆ ಮನೆಯ ಕಡೆ ಬಂದನೇ ಎಂಬುದು ನಮಗೆ ಇವತ್ತಿಗೂ ಗೊತ್ತಿಲ್ಲ. ಶೇಂಗಾ ಹಿಂಡಿಯ ಡಬ್ಬಿ ತೊಳೆದು ನಮ್ಮ ಅಡುಗೆಮನೆಯಲ್ಲಿ ಇಟ್ಟಿದ್ದೇನೆ.

ಇಲ್ಲಿನ ಜಾಲತಾಣದ ಸಭೆಯಲ್ಲಿ ನಾನು ನೋಡಿದ್ದನ್ನು ಹೇಳಿದೆ. ಸರ್ಕಾರ ಹಣ ಕೊಡಲಿ, ಲೆಕ್ಕವೆಲ್ಲ ಬಯಲಿಗೆ ಬರಲಿ. ಆ ಹಣದಲ್ಲಿ, ಅರ್ಜಿಗಳನ್ನು ಕೂತು ಓದುವ ಒಬ್ಬರಿಗೂ ಸಂಬಳ ಇರಲಿ, ಖಾಲಿ ಬಿಡಲು ಒಂದು ಜಾಗವೂ ಇರಲಿ ಎಂದೆ. ಅಧಿಕಾರಿ ಸಮಾಧಾನದಿಂದಲೇ ಕೇಳಿದರು. "ಸಾಫ್ಟ್‌ವೇರ್‌ಗೆ ಅನುದಾನ ಇದೆ ಮೇಡಂ, ಪೋಸ್ಟ್‌ಗೆ ಇಲ್ಲ. ವಿಳಾಸ ಹಾಕ್ದೇ ಇದ್ರೆ ಅದು ಮುಂದಿನ ಪೇಜ್‌ಗೇ ಹೋಗಲ್ಲ," ಎಂದರು. ನನ್ನ ಮಾತನ್ನು ನಡಾವಳಿಯಲ್ಲಿ ಬರೆದುಕೊಂಡಿದ್ದಾರೆ. ನಾನು ಮತ್ತೆ ಹೋಗುತ್ತೇನೆ.

ನಮ್ಮ ಟ್ರಸ್ಟಿನ ವಾರ್ಷಿಕ ವರದಿಯಲ್ಲಿ ಮನೆಯ ವಿಳಾಸದ ಜಾಗ ಖಾಲಿ ಬಿಟ್ಟು ಕಾರಣ ಬರೆದೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ನಿವಾಸಿಯೊಬ್ಬರು ಎಲ್ಲಿದ್ದಾರೆ ಎಂದು ನಮಗೆ ತಿಳಿದಿಲ್ಲ. ಕಾರಣ, ಮನೆಯ ವಿಳಾಸವನ್ನು ನಾವೇ ಫೋಟೋದಲ್ಲಿ ಪ್ರಕಟಿಸಿದ್ದೆವು. ಗೆಳತಿಯರಿಗೆ ಇದು ಸರಿಬರಲಿಲ್ಲ. "ಹಿಂಗೆಲ್ಲಾ ಬರೆದ್ರೆ ನಾಳೆ ಯಾರು ಕೊಡ್ತಾರೆ ಕಣೇ?" ಎಂದರು. ಸೋಪಿನ ಖರ್ಚು ತೋರಿಸುವವರು ಇದನ್ನೂ ತೋರಿಸಬೇಕು ಎಂದೆ. ಸಾಲು ಉಳಿಯಿತು.

ಮೊನ್ನೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ನಾನ್ರಿ ಅಕ್ಕ. ಚಲೋ ಅದೀನ್ರಿ. ಕೆಲ್ಸ ಸಿಕ್ಕದ," ಎಂದಳು ರೇಣುಕಾ.

ಎಲ್ಲಿದ್ದೀಯ ಎಂಬುದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಕೈ ಹೇಗಿದೆ ಎಂದೆ. ಊಟ ಆಯ್ತಾ ಎಂದೆ. ಡಬ್ಬಿ ನನ್ನ ಹತ್ತಿರವೇ ಇದೆ ಎಂದೆ. "ಇರ್ಲಿ ಬಿಡ್ರಿ," ಎಂದು ನಕ್ಕಳು. ಅವಳ ಹಿಂದೆ ಜನರ ಗದ್ದಲವಿತ್ತು. ಅಷ್ಟರಲ್ಲಿ ಮೈಕಿನಲ್ಲಿ ಒಂದು ಹೆಂಗಸಿನ ದನಿ, "ಮುಂದಿನ ನಿಲ್ದಾಣ" ಎಂದು ಶುರುಮಾಡಿತು.

ನಾನು ಫೋನನ್ನು ಕಿವಿಯಿಂದ ತೆಗೆದು ಕೈ ಚಾಚಿ ದೂರ ಹಿಡಿದೆ. ಆ ದನಿ ಮುಗಿದಿರಬೇಕು ಎನಿಸುವವರೆಗೆ ಹಾಗೇ ಹಿಡಿದು, ಮತ್ತೆ ಕಿವಿಗಿಟ್ಟೆ.

"ಕೇಳಿಸ್ತೇನ್ರಿ ಅಕ್ಕ?" ಎನ್ನುತ್ತಿದ್ದಳು. ಅವಳ ದನಿಯಲ್ಲಿ ಗಾಬರಿ ಇತ್ತು.

"ಇಲ್ಲ ಕಣಮ್ಮ," ಎಂದೆ. "ನನಗೇನೂ ಕೇಳಿಸ್ಲಿಲ್ಲ."